ಲೈನ್‌ಮನೆ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ವರ್ಷ

ನಾನು ನಿವೃತ್ತಳಾಗಲು ಇನ್ನೆರಡು ವರ್ಷ ಇತ್ತು. ಸಿದ್ದಾಪುರದಿಂದ ಒಳಗೆ, ಒಂದು ಕಾಫಿ ತೋಟದ ಲೈನ್‌ಮನೆಗಳ ಪಕ್ಕದ ಅಂಗನವಾಡಿಯಲ್ಲಿ ನಾನು ಕಾರ್ಯಕರ್ತೆ. ಲೈನ್‌ಮನೆ ಎಂದರೆ ತೋಟದ ಕಾರ್ಮಿಕರಿಗಾಗಿ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಅಲ್ಲಿನ ಹದಿಮೂರು ಮಕ್ಕಳು ನನ್ನ ಕೇಂದ್ರಕ್ಕೆ ಬರುತ್ತಿದ್ದರು. ಕೆಲವರ ಮನೆಯಲ್ಲಿ ತಮಿಳು, ಕೆಲವರಲ್ಲಿ ಮಲಯಾಳ, ಇಬ್ಬರು ಅಸ್ಸಾಮಿನ ಕಡೆಯವರು. ಕನ್ನಡವನ್ನೇ ನನ್ನಿಂದ ಕಲಿಯುತ್ತಿದ್ದ ಆ ಮಕ್ಕಳಿಗೆ ಇನ್ನು ಎಲ್‌ಕೆಜಿ ಪಾಠವನ್ನೂ ಮಾಡಬೇಕು, ಸಣ್ಣ ಇಂಗ್ಲಿಷ್ ವಾಕ್ಯಗಳನ್ನು ಕಲಿಸಬೇಕು ಎಂದು ಆ ವರ್ಷ ಇಲಾಖೆಯವರು ನಮಗೆ ತಿಳಿಸಿದರು.

ಮೊಮ್ಮಕ್ಕಳೇ, ನಿಮ್ಮ ಅಜ್ಜಿ ಓದಿದ್ದು ಊರಿನ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಕನ್ನಡದಲ್ಲಿಯೇ ನಾಲ್ಕು ಜನರ ಮುಂದೆ ಮಾತನಾಡಲು ನನಗೆ ನಾಚಿಕೆ. ಮೀಟಿಂಗ್‌ಗಳಲ್ಲಿ ಹಿಂದಿನ ಸಾಲಿನ ಕಂಬದ ಮರೆ ಹುಡುಕಿ ಕೂರುತ್ತಿದ್ದೆ. ಆದರೂ ಹಿಂದೆಗೆಯುವಂತಿರಲಿಲ್ಲ. ತೋಟದ ಗೇಟಿನವರೆಗೆ ಒಂದು ಕಾನ್ವೆಂಟಿನ ವ್ಯಾನ್ ಬರತೊಡಗಿತ್ತು. ನಾಲ್ಕು ಮಕ್ಕಳ ತಾಯಂದಿರು ಅಲ್ಲಿಗೆ ಸೇರಿಸುವ ಫಾರಂ ತಂದಿಟ್ಟುಕೊಂಡಿದ್ದರು. ನಮ್ಮ ಸೂಪರ್‌ವೈಸರ್ ಫೋನ್ ಮಾಡಿ ನೇರವಾಗಿ ಹೇಳಿದರು.

"ಲಲಿತಮ್ಮ, ಆ ನಾಲ್ಕು ಮಕ್ಕಳು ಹೋದ್ರೆ ನಿಮ್ ಸೆಂಟರ್ ಉಳಿಯೋದು ಕಷ್ಟ. ರಸ್ತೆ ಕಡೆ ಸೆಂಟರಿಗೆ ಸೇರಿಸಿಬಿಡ್ತಾರೆ. ಆಫೀಸರ್ ಮೇಡಂ ಎರಡು ತಿಂಗಳು ಬಿಟ್ಟು ನೋಡೋಕೆ ಬರ್ತಾರೆ."

ರಸ್ತೆ ಕಡೆಯ ಕೇಂದ್ರ ಎರಡು ಕಿಲೋಮೀಟರ್ ದೂರ. ನಡುವೆ ಆನೆ ದಾಟುವ ಜಾಗವಿದೆ. ತಾಯಂದಿರು ಬೆಳಿಗ್ಗೆ ಏಳೂವರೆಗೆ ಕೆಲಸಕ್ಕೆ ಹೊರಡುವವರು, ಅಷ್ಟು ದೂರ ಕರೆದುಕೊಂಡು ಹೋಗಿ ಬಿಡಲಾರರು. ಉಳಿದ ಒಂಬತ್ತು ಮಕ್ಕಳು ಕಾಫಿ ಗಿಡದ ಬುಡದಲ್ಲಿ ಮಲಗಬೇಕು, ಇಲ್ಲವೇ ಅಕ್ಕಂದಿರು ಶಾಲೆ ಬಿಟ್ಟು ಅವರನ್ನು ನೋಡಿಕೊಳ್ಳಬೇಕು. ಅದನ್ನು ನಾನು ಹಿಂದೆ ಕಣ್ಣಾರೆ ಕಂಡವಳು. ಮತ್ತೊಮ್ಮೆ ಆಗಲು ಬಿಡುವುದಿಲ್ಲ ಎಂದು ನಿರ್ಧರಿಸಿದೆ.

ಕುಶಾಲನಗರದಲ್ಲಿ ಟೀಚರ್ ಆಗಿದ್ದ ನಿಮ್ಮ ಅಮ್ಮನಿಗೆ ದಿನಾ ಸಂಜೆ ಫೋನ್ ಮಾಡತೊಡಗಿದೆ. ಅವಳು ನನಗೆ ಹೇಳಿಕೊಟ್ಟ ರೀತಿ ಇದು. ಕ್ಯಾನ್, ಮಸ್ಟ್, ಶುಡ್, ಮೇ ಇವು ಮೋಡಲ್ ವರ್ಬ್‌ಗಳು. ಒಂದು ಕೆಲಸವನ್ನು ಮಾಡಬಹುದೋ, ಮಾಡಲೇಬೇಕೋ, ಮಾಡಿದರೆ ಒಳ್ಳೆಯದೋ ಎಂಬುದನ್ನು ಇವು ಹೇಳುತ್ತವೆ. ಹೇಗೆ ಮಾಡಬೇಕು ಎನ್ನುವುದಕ್ಕೆ ಸ್ಲೋಲಿ, ಕ್ವೈಟ್ಲಿ, ನೀಟ್ಲಿ ಮುಂತಾದ ಅಡ್ವರ್ಬ್. ಎಲ್ಲಿ ಎನ್ನುವುದಕ್ಕೆ ಆನ್, ಅಂಡರ್, ಔಟ್‌ಸೈಡ್ ಮುಂತಾದ ಪ್ರಿಪೊಸಿಷನ್. ಕನ್ನಡದಲ್ಲಿ 'ಚಾಪೆಯ ಮೇಲೆ ಮೆಲ್ಲಗೆ ಕೂರಬಹುದು' ಎಂದಾಗ ಕೂರುವ ಮಾತಿನ ಬಾಲದಲ್ಲಿಯೇ 'ಬಹುದು' ಅಂಟಿಕೊಂಡಿರುತ್ತದೆ, 'ಮೇಲೆ' ಚಾಪೆಯ ಹಿಂದೆ ಬರುತ್ತದೆ. ಇಂಗ್ಲಿಷಿನಲ್ಲಿ ಅವು ಬಿಡಿಬಿಡಿಯಾಗಿ ಮುಂದೆ ಬಂದು ನಿಲ್ಲುತ್ತವೆ. ಯು ಕ್ಯಾನ್ ಸಿಟ್ ಸ್ಲೋಲಿ ಆನ್ ದ ಮ್ಯಾಟ್.

"ಅಮ್ಮಾ, ಇವತ್ತಿಗೆ ಸಾಕು. ನನ್ ಹೈಸ್ಕೂಲ್ ಮಕ್ಕಳೂ ಇಷ್ಟು ಪ್ರಶ್ನೆ ಕೇಳಲ್ಲ," ಎಂದು ನಿಮ್ಮ ಅಮ್ಮ ನಗುತ್ತಿದ್ದಳು.

"ಕೇಳಲ್ಲ ಅಂದ್ರೆ ಅವ್ರಿಗೆ ಅರ್ಥ ಆಗಿಲ್ಲ ಅಂತ," ಎನ್ನುತ್ತಿದ್ದೆ.

ಒಲೆಯ ಮುಂದೆ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ ವಾಕ್ಯಗಳನ್ನು ಬಾಯಿಪಾಠ ಮಾಡಿದೆ. ಮೂರನೆಯ ವಾರ ಪಾಠ ಶುರುವಾಯಿತು. ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಯು ಮಸ್ಟ್ ಸ್ಟ್ಯಾಂಡ್ ಕ್ವೈಟ್ಲಿ ಇನ್ ದ ಲೈನ್, ಯು ಮಸ್ಟ್ ಕಮ್ ಕ್ವಿಕ್ಲಿ ಟು ದ ಡೋರ್ ಎಂದು ಕೂಗಿ ಹೇಳುತ್ತಿದ್ದೆ. ಅವರು ಹಾಗೆಯೇ ಮಾಡುತ್ತಿದ್ದರು. ಒಂದು ತಿಂಗಳಲ್ಲಿ ಹೇಳಿದ್ದೆಲ್ಲವೂ ಅವರಿಗೆ ಅರ್ಥವಾಗುತ್ತಿತ್ತು. ನನಗೆ ಹೆಮ್ಮೆಯೆನಿಸಿತು.

ಒಂದು ಬೆಳಿಗ್ಗೆ ಸೆಲ್ವಿ ತಡವಾಗಿ ಮಗಳು ಮಲರ್‌ಳನ್ನು ಕರೆತಂದಳು. ಫಾರಂ ತಂದಿದ್ದ ನಾಲ್ವರಲ್ಲಿ ಇವಳೊಬ್ಬಳು. ಇವಳು ಮಾಡಿದಂತೆ ಉಳಿದ ಮೂವರು ಮಾಡುತ್ತಾರೆ. ನನ್ನ ಪಾಠವನ್ನು ಬೇಲಿಯ ಹತ್ತಿರ ನಿಂತು ಕೇಳಿ ಒಳಗೆ ಬಂದಳು.

"ಏನು ಟೀಚರಮ್ಮ, ದೂರದಿಂದ ಕೇಳಿ ನಮ್ ರೈಟರ್ ಇಲ್ಲಿಗೂ ಬಂದ್ರಾ ಅಂದ್ಕೊಂಡೆ."

ರೈಟರ್ ಎಂದರೆ ತೋಟದಲ್ಲಿ ಬೆಳಿಗ್ಗೆ ಹಾಜರಿ ಕೂಗಿ ಕೆಲಸ ಹಂಚುವವರು.

"ಮಕ್ಕಳು ಎಷ್ಟು ಚೆನ್ನಾಗಿ ಕೇಳ್ತಾವೆ ನೋಡು ಸೆಲ್ವಿ," ಎಂದೆ.

"ಕೇಳ್ತಾವೆ. ಕೇಳೋದು ನಮ್ ಮಕ್ಕಳಿಗೆ ಹುಟ್ತಾನೇ ಬರ್ತದೆ. ನಾನು ದಿನಾ ಲೈನಲ್ಲಿ ನಿಂತ್ಕೊಂಡು ಕೇಳೋದು ಸಾಲ್ದಾ? ಮಲರ್ ಬಾಯಿ ತೆಗೆದು ಒಂದು ಮಾತು ಹೇಳಿದ್ಲಾ, ಹೇಳಿ."

ನಾನು ಮಲರ್ ಕಡೆ ನೋಡಿದೆ. ನಾಲ್ಕೂವರೆ ವರ್ಷದ ಹುಡುಗಿ ಕೈಕಟ್ಟಿ, ನೆಟ್ಟಗೆ ಸಾಲಿನಲ್ಲಿ ನಿಂತಿದ್ದಳು. ಸೆಲ್ವಿ ಹೇಳಿದ್ದು ನಿಜವಾಗಿತ್ತು. ತೋಟದ ಡ್ರೈವರ್ ಆಗಿದ್ದ ನಿಮ್ಮ ಅಜ್ಜನ ಜೊತೆ ಬಾಳಿದ ಅಷ್ಟು ವರ್ಷ ತೋಟದ ಸಾಹೇಬರ ಬಾಯಿಂದ ನಾನು ಕೇಳಿದ್ದ ಇಂಗ್ಲಿಷ್ ಅದೊಂದೇ, ಅಪ್ಪಣೆಯ ಇಂಗ್ಲಿಷ್. ನಿಮ್ಮ ಅಮ್ಮ ಹೇಳಿಕೊಟ್ಟ ನಾಲ್ಕು ಮೋಡಲ್‌ಗಳಲ್ಲಿ ನನಗೆ ಗೊತ್ತಿಲ್ಲದೆಯೇ ಮಸ್ಟ್ ಒಂದನ್ನೇ ಆರಿಸಿಕೊಂಡು ಮಕ್ಕಳಿಗೆ ದಾಟಿಸುತ್ತಿದ್ದೆ. ಅಧಿಕಾರಿ ಬರಲು ಉಳಿದದ್ದು ಇಪ್ಪತ್ತು ದಿನ.

ಮರುದಿನ ಸಾಲು ಮುರಿದೆ. ಮಕ್ಕಳನ್ನು ಸುತ್ತ ಕೂರಿಸಿ, ಕ್ಯಾನ್, ಶುಡ್, ಮೇ ಇರುವ ವಾಕ್ಯಗಳನ್ನೂ ಕೆಲವು ಹೇಳಿ ತೋರಿಸಿ, ನಾನೇ ಮಧ್ಯೆ ನಿಂತೆ.

"ಇವತ್ತಿಂದ ನೀವು ಹೇಳಿ, ನಾನು ಮಾಡ್ತೀನಿ," ಎಂದೆ.

ಅರ್ಧ ಗಂಟೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅಸ್ಸಾಮಿನ ಹುಡುಗನೊಬ್ಬ, ಟೀಚರ್ ಕ್ಯಾನ್ ಸಿಟ್ ಎಂದ. ಕೂತೆ. ಇನ್ನೊಬ್ಬಳು, ಅಂಡರ್ ದ ಟೇಬಲ್ ಎಂದಳು. ಮಂಡಿ ನೋವಿನ ನಾನು ಸೆರಗು ಸಿಕ್ಕಿಸಿ ಮೇಜಿನ ಕೆಳಗೆ ತೂರಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಹೊರಬರಲು ಒದ್ದಾಡುವುದನ್ನು ಕಂಡು ಮಲರ್ ಓಡಿಬಂದು, ಸ್ಲೋಲಿ ಟೀಚರ್, ಸ್ಲೋಲಿ ಎಂದಳು. ಅವಳ ಬಾಯಿಂದ ಬಂದ ಮೊದಲ ಇಂಗ್ಲಿಷ್ ಮಾತು ಅದು. ಆಮೇಲಿನ ದಿನಗಳಲ್ಲಿ ನೀರು ಬೇಕಾದರೆ ಕೇಳುವುದು, ಹೊರಗೆ ಹೋಗಲು ಕೇಳುವುದು, ನನಗೆ ಕೆಲಸ ಹೇಳುವುದು, ಎಲ್ಲವೂ ಇಂಗ್ಲಿಷಿನಲ್ಲಿ, ಅವರ ಪಾಲಿಗೆ. ಅರ್ಧಂಬರ್ಧ ವಾಕ್ಯವಾದರೂ ನಾನು ತಿದ್ದುವ ಮೊದಲು ಮಾಡಿ ತೋರಿಸುತ್ತಿದ್ದೆ.

ಅಧಿಕಾರಿ ಬಂದ ದಿನ ಮಳೆ ಬಿದ್ದು ನಿಂತಿತ್ತು. ನಾಲ್ವರು ತಾಯಂದಿರನ್ನು ಅರ್ಧ ದಿನ ರಜೆ ಕೇಳಿ ಬರಲು ಹೇಳಿದ್ದೆ. ಅವರು ಕಿಟಕಿಯ ಹೊರಗೆ ನಿಂತಿದ್ದರು. ಅಧಿಕಾರಿ ಮೇಡಂ ಅವಸರದಲ್ಲಿ ಚಪ್ಪಲಿ ಹಾಕಿಕೊಂಡೇ ಒಳಬಂದು, ಕೆಸರು ಕಾಲಲ್ಲಿ ಚಾಪೆಯ ಅಂಚಿಗೆ ನಿಂತು, ವಾಟ್ ಈಸ್ ಯುವರ್ ನೇಮ್ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮಕ್ಕಳು ಗುಬ್ಬಚ್ಚಿಗಳಂತೆ ಮುದುಡಿದರು. ಮೇಡಂ ನನ್ನ ಕಡೆ ನೋಡಿದರು. ಕಿಟಕಿಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಮಲರ್ ಎದ್ದು ನಿಂತಳು. ಚಾಪೆಯ ಮೇಲಿನ ಕೆಸರನ್ನೇ ನೋಡುತ್ತಿದ್ದವಳು ತಲೆಯೆತ್ತಿ ಹೇಳಿದಳು. "ಮೇಡಂ, ಯು ಶುಡ್ ಕೀಪ್ ಚಪ್ಪಲ್ ಔಟ್‌ಸೈಡ್ ದ ಡೋರ್. ಸ್ಲೋಲಿ."

ಕಿಟಕಿಯ ಹೊರಗಿನಿಂದ ಸೆಲ್ವಿ, "ಮಲರ್, ಸುಮ್ನಿರು," ಎಂದು ಗದರಿದಳು. ನನ್ನ ಬಾಯಿಗೂ ಕ್ಷಮಿಸಿ ಎಂಬ ಮಾತು ಬಂದುಬಿಟ್ಟಿತ್ತು. ಆದರೆ ಕ್ಷಮೆ ಕೇಳಿದರೆ ಆ ಮಗು ಮತ್ತೆ ಕೈಕಟ್ಟಿ ನಿಲ್ಲುತ್ತದೆ. ನನ್ನ ಕೆಲಸದ ಇಪ್ಪತ್ತೇಳು ವರ್ಷಗಳಲ್ಲಿ ಮೇಲಿನವರೊಬ್ಬರಿಗೆ ನಾನು ಎದುರು ನುಡಿದದ್ದು ಅದೊಂದೇ ಸಲ.

"ಮಗು ಹೇಳಿದ್ದು ಸರಿ ಮೇಡಂ. ಅವ್ರು ಅಲ್ಲೇ ಕೂತು ಊಟ ಮಾಡ್ತಾರೆ."

ಮೇಡಂ ಕೆಳಗೆ ನೋಡಿದರು. ಬಾಗಿಲಿಗೆ ಹೋಗಿ, ಚೌಕಟ್ಟು ಹಿಡಿದು, ಚಪ್ಪಲಿ ಬಿಟ್ಟು ಬಂದರು.

"ಇದನ್ನ ನೀವೇ ಕಲಿಸಿದ್ದಾ?"

"ಇಲ್ಲ ಮೇಡಂ. ತುಂಡು ತುಂಡು ಕಲಿಸಿದ್ದೆ. ಜೋಡಿಸಿದ್ದು ಅವ್ಳೇ."

ಅವರು ಮಲರ್ ಪಕ್ಕ ಚಾಪೆಯ ಮೇಲೆ ಕೂತರು. ಮುಂದಿನ ಮುಕ್ಕಾಲು ಗಂಟೆ ಮಕ್ಕಳು ಅವರಿಂದ ಒಂದೊಂದೇ ಕೆಲಸ ಮಾಡಿಸಿದರು. ಮೇಜಿನ ಕೆಳಗೆ ಮಾತ್ರ ಅವರು ತೂರಲಿಲ್ಲ.

ಅವರ ಜೀಪು ಹೋದ ಮೇಲೆ ಸೆಲ್ವಿ ಒಳಗೆ ಬಂದಳು. ಮಗಳನ್ನು ಎತ್ತಿಕೊಂಡಳು.

"ನಾಳೆ ಫಾರಂ ವಾಪಸ್ ಕೊಡ್ತೀನಿ ಟೀಚರಮ್ಮ. ಉಳಿದ ಮೂವರಿಗೂ ಹೇಳ್ತೀನಿ. ಆದ್ರೆ ಇವ್ಳು ರೈಟರ್‌ಗೂ ಹಿಂಗೇ ಹೇಳಿದ್ರೆ ನಂಗೆ ಬೇರೆ ಕೆಲ್ಸ ನೀವೇ ಕೊಡಿಸ್ಬೇಕು."

ಕೇಂದ್ರ ಉಳಿಯಿತು. ನಾನು ನಿವೃತ್ತಳಾದ ದಿನವೂ ಅಲ್ಲಿ ಹದಿಮೂರಕ್ಕಿಂತ ಹೆಚ್ಚು ಮಕ್ಕಳಿದ್ದರು. ಯಾವ ಭಾಷೆಯಲ್ಲೇ ಆಗಲಿ, ಮಗು ಮೊದಲು ತನಗೆ ಬೇಕಾದದ್ದನ್ನು ಕೇಳಲು ಕಲಿಯಬೇಕು, ಅದು ಹೇಳಿದಂತೆ ದೊಡ್ಡವರೊಬ್ಬರು ಎದ್ದು ನಡೆದುಕೊಳ್ಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಅದನ್ನು ಕಲಿಯುವಷ್ಟರಲ್ಲಿ ನನಗೆ ಐವತ್ತೆಂಟು ತುಂಬಿತ್ತು. ನೀವು ಅಷ್ಟು ವರ್ಷ ಕಾಯಬೇಡಿ.