ಆಕಾಶಬುಟ್ಟಿಗೆ ಏರಿದ ತೋಳು

"ರೀ, ಅಲ್ಲಿ ನೇತಾಡ್ತಿರೋದು ನನ್ನ ತೋಳು!"

ದಿಲ್ಲಿಯ ವಸಂತ್ ಕುಂಜ್‌ನ ಸಮುದಾಯ ಭವನ. ನಮ್ಮ ಕನ್ನಡ ಕೂಟದ ದೀಪಾವಳಿ ಮಿಲನ. ಸ್ವಾಗತ ಭಾಷಣದ ನಟ್ಟನಡುವೆ ಈ ಕೂಗು. ಕೂಗಿದವರು ಸುಧಾ ಮೇಡಂ, ಯೂನಿವರ್ಸಿಟಿಯಲ್ಲಿ ಇತಿಹಾಸ ಪಾಠ ಮಾಡುವವರು. ಅವರ ಎರಡೂ ತೋಳುಗಳು ಅವರ ಹತ್ತಿರವೇ ಇದ್ದವು. ಅದರಲ್ಲೊಂದನ್ನು ಎತ್ತಿ ಮೇಲಕ್ಕೆ ಬೆರಳು ತೋರಿಸುತ್ತಿದ್ದರು.

ಎಲ್ಲರೂ ತಲೆ ಎತ್ತಿದರು. ನಾನೊಬ್ಬ ತಲೆ ತಗ್ಗಿಸಿದೆ.

(ಈ ಅಂಕಣದ ಹೊಸ ಓದುಗರು ಗಾಬರಿಯಾಗಬೇಡಿ. ನಾನು ಲೇಡೀಸ್ ಟೈಲರ್. ನಮ್ಮ ಕಸುಬಿನಲ್ಲಿ ತೋಳು ಎಂದರೆ ರವಿಕೆಯ ತೋಳು. ಕುತ್ತಿಗೆ, ಬೆನ್ನು, ಎದೆ ಎಲ್ಲವನ್ನೂ ದಿನಾ ಕತ್ತರಿಸುತ್ತೇವೆ. ಇದುವರೆಗೆ ಯಾರೂ ಪೊಲೀಸರಿಗೆ ಹೇಳಿಲ್ಲ.)

ಮೊದಲಿನಿಂದ ಹೇಳುತ್ತೇನೆ.

ನನ್ನ ಅಂಗಡಿಯಲ್ಲಿ ಒಂದು ಕಾನೂನಿದೆ. ನಾಲ್ಕು ಬೆರಳಿಗಿಂತ ಅಗಲವಾದ ಬಟ್ಟೆ ತುಂಡನ್ನು ಎಸೆಯುವಂತಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕತ್ತರಿ ಹಿಡಿದವನು ನಾನು. ಪುಸ್ತಕ ಹರಿದಾಗ ಆಗದ ಸಂಕಟ ಬಟ್ಟೆ ಎಸೆದಾಗ ಆಗುತ್ತದೆ. ಗಿರಾಕಿಗಳಿಗೆ ಹೇಳಿಯೇ ಹೇಳುತ್ತೇನೆ, "ಮೇಡಂ, ಉಳಿದ ತುಂಡು ತಗೊಂಡ್ಹೋಗಿ." ಅವರು, "ನೀವೇ ಇಟ್ಕೊಳ್ಳಿ ಮಾಸ್ಟರ್" ಅನ್ನುತ್ತಾರೆ. ಇಟ್ಟುಕೊಂಡೆ. ಹದಿನೆಂಟು ವರ್ಷ ಇಟ್ಟುಕೊಂಡೆ. ಹಳೆಯ ದಿಂಬಿನ ಕವರುಗಳಲ್ಲಿ ತುಂಬಿ ಕಟಿಂಗ್ ಟೇಬಲ್ ಕೆಳಗೆ ತುರುಕಿದೆ. ಈಗ ಅಲ್ಲಿ ನನ್ನ ಕಾಲಿಗೇ ಜಾಗವಿಲ್ಲ.

ಹಬ್ಬಕ್ಕೆ ಮುಂಚೆ ನನ್ನ ಮಗಳು ರಕ್ಷಾ ಅಂಗಡಿಗೆ ಬಂದಳು. ಕಾಲೇಜಿನಲ್ಲಿ ಡಿಸೈನ್ ಓದುತ್ತಾಳೆ. ಒಂದು ದಿಂಬಿನ ಕವರನ್ನು ನೆಲಕ್ಕೆ ಸುರಿದವಳೇ ಕಿರುಚಿದಳು.

"ಪಪ್ಪಾ, ಯೇ ತೋ ಖಜಾನಾ ಹೈ! ಈ ಸಲ ಕೂಟದ್ದು ಡೆಕೋರೇಷನ್ ನಾವು ಮಾಡೋಣ. ಗಿಫ್ಟ್ ರ‍್ಯಾಪಿಂಗ್ ಭೀ. ನೋ ಪ್ಲಾಸ್ಟಿಕ್, ನೋ ಟೇಪ್. ಇದಕ್ಕೆ ಅಪ್‌ಸೈಕ್ಲಿಂಗ್ ಅಂತಾರೆ."

"ನಮ್ಮವ್ವ ಕೌದಿ ಅಂತಿದ್ದಳು" ಎಂದೆ.

ಡಬ್ಬಿಯನ್ನು ಚೌಕಾಕಾರದ ಬಟ್ಟೆಯ ಮೇಲಿಟ್ಟು, ನಾಲ್ಕು ಮೂಲೆ ಎಳೆದು ಮೇಲೆ ಕಟ್ಟುವುದನ್ನು ಫೋನಿನಲ್ಲಿ ತೋರಿಸಿದಳು. ಜಪಾನಿನವರ ಕಲೆಯಂತೆ. ಅದಕ್ಕೊಂದು ಹೆಸರಿದೆಯಂತೆ, ಕಲಿಸಲು ವರ್ಕ್‌ಶಾಪ್ ನಡೆಯುತ್ತದಂತೆ. ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದ ನಮ್ಮವ್ವ ದಿನಾ ಬೆಳಿಗ್ಗೆ ವರ್ಕ್‌ಶಾಪ್ ನಡೆಸುತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ!

ಒಂದು ವಾರ ಅಪ್ಪ ಮಗಳು ಕೂತು ಹೊಲಿದೆವು. ಜರಿ ತುಂಡುಗಳ ತ್ರಿಕೋನ ಜೋಡಿಸಿ ಬಾಗಿಲಿಗೆ ತೋರಣ. ಬಾರ್ಡರ್ ತುಂಡುಗಳಲ್ಲಿ ಗಿಣಿಗಳು (ಹೊಟ್ಟೆಗೆ ತುಂಬಿದ್ದು ನಾಲ್ಕು ಬೆರಳಿಗಿಂತ ಸಣ್ಣ ಚೂರುಗಳು). ಮಕ್ಕಳ ಉಡುಗೊರೆಗಳಿಗೆ ಬಣ್ಣಬಣ್ಣದ ಗಂಟುಗಳು. ಎಲ್ಲಕ್ಕಿಂತ ಮಿಗಿಲಾಗಿ, ಬಿದಿರು ಕಡ್ಡಿಯ ಚೌಕಟ್ಟಿಗೆ ರೇಷ್ಮೆ ಸುತ್ತಿದ ಒಂದು ಭರ್ಜರಿ ಆಕಾಶಬುಟ್ಟಿ. ಒಳಗೆ ಬಲ್ಬು ಹಾಕಿದರೆ ಕಣ್ಣು ಕೀಳಲಾಗದು. ಅದರ ಎದುರು ಭಾಗಕ್ಕೆ ನವಿಲು ಬಣ್ಣದ ಎರಡು ದೊಡ್ಡ ತುಂಡು ಸಿಕ್ಕಿದ್ದವು.

"ಇಷ್ಟು ಸುಂದರ್ ಪೀಸ್ ಯಾರದ್ದು ಪಪ್ಪಾ?"

ನೆನಪಾಗಲಿಲ್ಲ. ನೆನಪಾಗಿದ್ದರೆ ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ.

ಮಿಲನದ ದಿನ ನಾನು ಇಸ್ತ್ರಿ ಮಾಡಿದ ಕುರ್ತಾ ಹಾಕಿ, ಕೈ ಹಿಂದೆ ಕಟ್ಟಿ, ಆಕಾಶಬುಟ್ಟಿಯ ಕೆಳಗೇ ನಿಂತೆ. ಹೊಗಳುವವರಿಗೆ ಹುಡುಕುವ ಕಷ್ಟ ಬೇಡ ಅಂತ. ಗ್ರೇಟರ್ ನೋಯ್ಡಾದಿಂದ ಕಾರು ಓಡಿಸಿಕೊಂಡು ಬಂದಿದ್ದ ಐಟಿ ಹುಡುಗಿ ಫರ್ಹಾನಾ ಮೇಲೆ ನೋಡಿ, "ಮಾಸ್ಟರ್, ಚಿಂದಿ!" ಎಂದಳು.

"ಚಿಂದಿ ಅಲ್ಲಮ್ಮ, ರೇಷ್ಮೆ" ಎಂದೆ.

ರಕ್ಷಾ ನನಗಿಂತ ಹೆಚ್ಚು ಕೆಂಪಾದಳು. "ಪಪ್ಪಾ, ಉಸನೇ ಹಮೇಂ ಚಿಂದಿ ಬೋಲಾ!"

ಬೆಂಗಳೂರಿನಲ್ಲಿ ಓದಿದ ಫರ್ಹಾನಾಗೆ ಚಿಂದಿ ಎಂದರೆ ಸೂಪರ್. ಹಿಂದಿಯಲ್ಲಿ ಬೆಳೆದ ನನ್ನ ಮಗಳಿಗೆ ಚಿಂದಿ ಎಂದರೆ ಜುಗ್ಗ. ನನಗೆ ಚಿಂದಿ ಎಂದರೆ ಚಿಂದಿ. ಈ ಗಲಾಟೆ ಬಿಡಿಸುವಷ್ಟರಲ್ಲಿ ಅಧ್ಯಕ್ಷರು ಮೈಕ್ ಹಿಡಿದರು. ಸುಧಾ ಮೇಡಂ ಒಳಗೆ ಬಂದರು. ತಲೆ ಎತ್ತಿದರು.

ಅವರು ಉಟ್ಟಿದ್ದು ನವಿಲು ಬಣ್ಣದ ಸೀರೆ.

"ಮಾಸ್ಟರ್, ಈ ಬ್ಲೌಸಿಗೆ ಮೊಣಕೈವರೆಗೂ ತೋಳು ಇಡಿ ಅಂದಿದ್ನಲ್ಲ, ನೀವೇನಂದ್ರಿ?"

"ಬಟ್ಟೆ ಸಾಲಲ್ಲ ಅಂದೆ."

"ಮತ್ತೆ ಬುಟ್ಟಿಗೆ ಸಾಲ್ತಾ?"

ಹಾಲ್ ತುಂಬ ನಗು. ಅಷ್ಟಕ್ಕೇ ನಿಂತಿದ್ದರೆ ನಾನೂ ನಗುತ್ತಿದ್ದೆ. ಆದರೆ ಒಬ್ಬೊಬ್ಬರಿಗೂ ತಮ್ಮ ತಮ್ಮ ಬ್ಲೌಸ್ ನೆನಪಾಗತೊಡಗಿತು.

"ನಂಗೂ ಸಾಲಲ್ಲ ಅಂದಿದ್ರು!"

"ನಂಗೆ ಬಾರ್ಡರ್ ಸಾಲಲ್ಲ ಅಂದ್ರು. ಆ ಗಿಣಿ ನೋಡ್ರೀ, ಮೈತುಂಬ ನನ್ನ ಬಾರ್ಡರ್ ಹೊದ್ಕೊಂಡು ಕೂತಿದೆ!"

ಉಡುಗೊರೆ ಮೇಜಿನ ಹತ್ತಿರ ನೂಕುನುಗ್ಗಲು. ಗಂಟಿನ ಒಳಗೇನಿದೆ ಎಂದು ಕೇಳುವವರೇ ಇಲ್ಲ. "ಅಚ್ಛಾ, ಈ ಹಳದಿ ಗಂಟು ನಂದು." "ಅಲ್ಲ ರೀ, ನಿಮ್ದು ನಿಂಬೆ ಹಳದಿ, ಇದು ಅರಿಶಿನ." ಅಧ್ಯಕ್ಷರು "ದಯವಿಟ್ಟು ಎಲ್ಲರೂ ಕುಳಿತುಕೊಳ್ಳಬೇಕು" ಎಂದು ಮೈಕಿನಲ್ಲಿ ಬೇಡುತ್ತಿದ್ದರು. ಅವರ ಹೆಂಡತಿಯೇ ಬಾಗಿಲಲ್ಲಿ ನಿಂತು ಮೊಬೈಲ್ ಟಾರ್ಚ್ ಬಿಟ್ಟು ತೋರಣದಲ್ಲಿ ತಮ್ಮ ತ್ರಿಕೋನ ಹುಡುಕುತ್ತಿದ್ದರು.

ಎಲ್ಲರಿಗೂ ತಮಾಷೆ. ನನಗೆ ಬೆವರು. ಟೈಲರ್ ಬಟ್ಟೆ ಹೊಡೆದ ಎಂಬ ಮಾತು ಒಮ್ಮೆ ಅಂಟಿದರೆ ಯಾವ ಸೋಪಿಗೂ ಹೋಗುವುದಿಲ್ಲ. ಆ ಹಾಲ್‌ನಲ್ಲಿ ನನ್ನ ಮುಕ್ಕಾಲುಪಾಲು ಗಿರಾಕಿಗಳಿದ್ದರು. ಮಗಳೂ ಇದ್ದಳು. 'ಮಾಸ್ಟರ್ ಹೇಳಿದರೆ ಹೇಳಿದ ಹಾಗೆ' ಎಂಬ ಹೆಸರನ್ನು ನಾನು ಸರ್ಟಿಫಿಕೇಟ್ ತೋರಿಸಿ ಪಡೆದಿಲ್ಲ. ತೋರಿಸಲು ನನ್ನ ಹತ್ತಿರ ಸರ್ಟಿಫಿಕೇಟೇ ಇಲ್ಲ.

"ಬುಟ್ಟಿ ಇಳಿಸಿ" ಎಂದೆ. "ಎಲ್ಲರ ಮುಂದೆ ಅಳೆದು ತೋರಿಸ್ತೀನಿ. ನಾನು ಸಾಲಲ್ಲ ಅಂದ್ರೆ ಸಾಲಲ್ಲ."

(ಎಷ್ಟು ಜಂಬ ನೋಡಿ.)

ಬುಟ್ಟಿ ಇಳಿಯಿತು. ಬಲ್ಬು ಆರಿತು. ಕುರ್ತಾ ಜೇಬಿನಲ್ಲಿ ಕರ್ಚೀಫು ಮರೆತರೂ ಟೇಪು ಮರೆಯುವವನಲ್ಲ ನಾನು. ಹೊಲಿಗೆ ಬಿಚ್ಚಿ, ನವಿಲು ಬಣ್ಣದ ತುಂಡುಗಳನ್ನು ಮೈಸೂರು ಪಾಕಿನ ತಟ್ಟೆ ಸರಿಸಿ ಮೇಜಿನ ಮೇಲೆ ಹಾಸಿದೆ. ಸುಧಾ ಮೇಡಂ ಅಳತೆ ಬಾಯಿಪಾಠ. ಮೊಣಕೈವರೆಗೆ ಹತ್ತೂವರೆ ಇಂಚು, ಮಡಿಕೆಗೆ ಒಂದು.

ತುಂಡು ಹನ್ನೆರಡಿತ್ತು.

ಇನ್ನೊಂದನ್ನು ಅಳೆದೆ. ಅದೂ ಹನ್ನೆರಡು. ಅಗಲ ಅಳೆದೆ. ಅಗಲವೂ ಧಾರಾಳ. ಟೇಪ್ ಸರಿಯಿದೆಯಾ ಅಂತ ಟೇಪನ್ನೇ ಒಮ್ಮೆ ತಿರುಗಿಸಿ ನೋಡಿದೆ. ಒಂದಲ್ಲ, ಎರಡೂ ತೋಳು ಬರುತ್ತಿದ್ದವು!

ನಮ್ಮ ಕಸುಬಿನಲ್ಲಿ ಇಂಥ ಹೊತ್ತಿಗೆಂದೇ ಒಂದು ಮಾತಿದೆ: "ಮೇಡಂ, ಇದು ಅಡ್ಡ ಎಳೆ. ತೋಳು ಜೋತು ಬೀಳುತ್ತೆ." ಹಾಗೆಂದರೆ ಇತಿಹಾಸದ ಪ್ರೊಫೆಸರಿಗೂ ಉತ್ತರ ಗೊತ್ತಿರುವುದಿಲ್ಲ. ಮಾತು ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು. ಆದರೆ ರಕ್ಷಾ ಬಗ್ಗಿ ಬಟ್ಟೆಯ ಎಳೆ ನೋಡುತ್ತಿದ್ದಳು. ಎಳೆ ಉದ್ದಕ್ಕೇ ಇತ್ತು, ಅಡ್ಡ ಅಲ್ಲ. ಅವಳು ನನ್ನ ಮುಖ ನೋಡಿದಳು.

"ಸಾಲ್ತಿತ್ತು ಮೇಡಂ" ಎಂದೆ. "ಅವತ್ತು ನಾನು ಅಳೆದೇ ಇಲ್ಲ. ಸುಮ್ನೆ ಬಾಯಿಗೆ ಬಂತು."

ಸುಧಾ ಮೇಡಂ ಟೇಪ್ ನೋಡಿದರು, ನನ್ನ ನೋಡಿದರು. "ಹೋದ ಡಿಸೆಂಬರ್‌ನಲ್ಲಿ ಮಾನೇಸರ್‌ನಲ್ಲಿ ಒಂದು ಮದುವೆ. ತೆರೆದ ಲಾನ್, ಕೊರೆಯೋ ಚಳಿ. ಈ ಗಿಡ್ಡ ತೋಳಿನಲ್ಲಿ ನಾನು ತಂದೂರಿ ಒಲೆ ಬಿಟ್ಟು ಕದಲಲಿಲ್ಲ ಕಣ್ರೀ. ಎಲ್ಲರೂ ನನ್ನೇ ರೋಟಿ ಕೇಳಿದ್ರು!"

ಮೊದಲು ನಕ್ಕವರು ಅವರೇ. ಆಮೇಲೆ ಇಡೀ ಹಾಲ್. "ನಾಳೆ ಬ್ಲೌಸ್ ತಂದುಕೊಡ್ತೀನಿ, ತೋಳು ಹಚ್ಚಿಕೊಡಿ" ಎಂದು ಎರಡೂ ತುಂಡು ಮಡಚಿ ಬ್ಯಾಗಿಗೆ ಹಾಕಿಕೊಂಡರು. ನನ್ನ ಕೈಗೆ ಕೊಡಲಿಲ್ಲ, ಗಮನಿಸಿ.

ಆಕಾಶಬುಟ್ಟಿ ಎರಡು ಕಿಟಕಿ ತೆರೆದುಕೊಂಡು ಬಿದ್ದಿತ್ತು. ಅಧ್ಯಕ್ಷರು ತಮ್ಮ ಚೌಕಳಿ ಕರ್ಚೀಫು ಕೊಟ್ಟರು. ಇನ್ನೊಂದಕ್ಕೆ ಫರ್ಹಾನಾ ತನ್ನ ಆಫೀಸಿನ ಬಟ್ಟೆಯ ಟೋಟ್ ಬ್ಯಾಗ್ ಕೊಟ್ಟು, "ಕತ್ತರಿಸಿ" ಎಂದಳು. ಕತ್ತರಿಸಿದೆ, ಅಳೆದು. ಕರ್ಚೀಫಿನ ಮೂಲೆಯಲ್ಲಿ ಸಾರಿನ ಕಲೆ ಇತ್ತು. ಬಲ್ಬು ಹೊತ್ತಿಸಿದಾಗ ಅದು ಭಾರತದ ಭೂಪಟದಂತೆ ಹೊಳೆಯಿತು. ಸಂಜೆಯ ಅತಿ ಹೆಚ್ಚು ಫೋಟೊ ಬಿದ್ದಿದ್ದು ಅದಕ್ಕೇ. ಒಂದು ವಾರ ಸೂಜಿ ಚುಚ್ಚಿಸಿಕೊಂಡ ನನ್ನ ಗಿಣಿಗಳನ್ನು ಯಾರೂ ಕೇಳಲಿಲ್ಲ.

ಮನೆಗೆ ಹೋಗಲು ಆಟೊ ನಿಲ್ಲಿಸಿದೆ. ಎಲ್ಲಿಗೆ ಎಂದು ಬಾಯಿ ತೆರೆಯುವ ಮೊದಲೇ ಡ್ರೈವರ್ ಭಯ್ಯಾ "ನಹೀಂ ಜಾಯೇಗಾ" ಎಂದ. ಮೊನ್ನೆ ಖಾಲಿ ಪಾರ್ಕಿಂಗಿನ ಮುಂದೆ ನಿಂತ ಗಾರ್ಡ್ "ಜಗಹ್ ನಹೀಂ ಹೈ" ಎಂದಿದ್ದ. ರಕ್ಷಾಗೆ, ಊರಿಗೆ ಒಂದು ಫೋನ್ ಮಾಡು ಎಂದರೆ "ಟೈಮ್ ನಹೀಂ ಹೈ ಪಪ್ಪಾ" ಅನ್ನುತ್ತಾಳೆ, ಎರಡು ಗಂಟೆ ಅದೇ ಫೋನ್ ನೋಡುತ್ತಾ. ನಾವೆಲ್ಲ ಅಳೆಯುವ ಮೊದಲೇ ಇಲ್ಲ ಅಂದುಬಿಡುವ ಟೈಲರ್‌ಗಳೇ ಅಲ್ಲವಾ? ನಾನೊಬ್ಬ ಮಾತ್ರ ಟೇಪ್ ಸಮೇತ ಸಿಕ್ಕಿಬಿದ್ದೆ.

ಈಗ ಅಂಗಡಿಯಲ್ಲಿ ಹೊಸ ಕಾನೂನು. ಮೊದಲು ಟೇಪು, ಆಮೇಲೆ ಬಾಯಿ. ಎರಡು ದಿನದಿಂದ ಎಲ್ಲರ ಬ್ಲೌಸಿಗೂ ಬಟ್ಟೆ ಸಾಲುತ್ತಿದೆ, ನನಗೇ ಭಯವಾಗುತ್ತಿದೆ.

ಇದನ್ನು ಬರೆಯುತ್ತಿರುವಾಗಲೇ ಸಂಪಾದಕರ ಮೆಸೇಜು ಬಂತು: "ಮಾಸ್ಟರ್, ಈ ವಾರ ಸ್ವಲ್ಪ ಚಿಕ್ಕದಾಗಿ ಬರೆಯಿರಿ, ಪೇಜಿನಲ್ಲಿ ಜಾಗ ಸಾಲಲ್ಲ."

ಸಾರ್, ಅಳೆದು ನೋಡಿದ್ರಾ?