ಅವ್ವ ಎಸೆದ ಕಲ್ಲು

ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ವಾರಕ್ಕೊಮ್ಮೆ ಮನೋವಿಶ್ಲೇಷಕಿಯೊಬ್ಬರೊಂದಿಗೆ ಫೋನಿನಲ್ಲಿ ಮಾತನಾಡುತ್ತೇನೆ. ಅವರು ಹೇಳುವುದು ಕಡಿಮೆ, ಕೇಳಿಸಿಕೊಳ್ಳುವುದೇ ಹೆಚ್ಚು. ಅವರಿಗೆ ನಾನು ಮತ್ತೆ ಮತ್ತೆ ಹೇಳಿದ್ದು ಒಂದೇ ನೆನಪು.

ಮೊಳಕಾಲ್ಮುರು ಕಡೆಯ ನಮ್ಮ ಹಟ್ಟಿಯಲ್ಲಿ ಮುಟ್ಟಾದ ಹೆಂಗಸರು ಊರಾಚೆಯ ಗುಡ್ಲು ಎಂಬ ಸಣ್ಣ ಗುಡಿಸಲಲ್ಲಿ ಇರಬೇಕಿತ್ತು. ಅವ್ವ ಅಲ್ಲಿದ್ದಾಗ, ಇನ್ನೂ ಶಾಲೆಗೆ ಸೇರದ ನಾನು ಅವಳ ಬಳಿಗೆ ಓಡಿದೆ. ಮೇಕೆಮರಿಯನ್ನು ಹಿಂದಕ್ಕೆ ತಿರುಗಿಸುವ ಹಾಗೆ ಅವಳು ನನ್ನತ್ತ ಸಣ್ಣ ಕಲ್ಲು ಎಸೆದಳು. ಯಾರನ್ನೂ ನಂಬಲಾಗದ ನನ್ನ ಸ್ವಭಾವ ಅಲ್ಲಿಂದಲೇ ಶುರುವಾಯಿತೆಂದು ನಾನೇ ತೀರ್ಮಾನಿಸಿದ್ದೆ. ಹೇಳುವಾಗ ಅಳು ಬರುತ್ತಿತ್ತು. ಆ ಅಳು ಹಿತವಾಗಿಯೂ ಇರುತ್ತಿತ್ತು.

“ಅಮ್ಮನನ್ನು ಈ ಬಗ್ಗೆ ಕೇಳಿದ್ದೀರಾ?” ಎಂದರು ಒಮ್ಮೆ.

ಭಾನುವಾರ ಹಟ್ಟಿಗೆ ಹೋದೆ. ಅವ್ವ ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದಳು. ಕೇಳಿದೆ.

“ಎಸೆದಿರ್ತೀನಿ. ನನ್ನ ಮುಟ್ಟಿದ್ರೆ ನಿಮ್ಮಜ್ಜಿ ನಿನ್ನ ತಲೆ ಮೇಲೆ ತಣ್ಣೀರು ಸುರೀತಿದ್ಲು. ಶೇಂಗಾನೂ ಎಸೀತಿದ್ದೆ, ಯಾರೂ ನೋಡ್ದಂಗೆ. ನಾನು ಮುಟ್ಟಿದ್ದು ನೀನು ತಿನ್ನಂಗಿತ್ತಾ? ಕೋಳಿ ಹಂಗೆ ಆರಿಸ್ಕಂಡು ತಿಂತಿದ್ದೆ. ಯಾವತ್ತು ಯಾವ್ದು ಎಸೆದೆ ಅಂತ ಯಾರಿಗೆ ನೆನಪೈತೆ? ಈಗ್ಯಾಕೆ ಬಂತು ಇದು?”

ವಾರವಾರ ದುಡ್ಡು ಕೊಟ್ಟು ಫೋನಿನಲ್ಲಿ ಮಾತನಾಡುವ ವಿಷಯ ಹೇಳಿದೆ.

“ಮಾತು ಕೇಳಾಕೂ ದುಡ್ಡು ಇಸ್ಕಂತಾರಾ? ನನಗೆ ಕೊಟ್ಟಿದ್ರೆ ನಾನೇ ಕೇಳ್ತಿದ್ನಲ್ಲೇ!” ಎಂದು ನಕ್ಕಳು. ಆಮೇಲೆ ಅವಳ ಕೈ ನಿಂತಿತು. “ಗುಡ್ಲು ವಿಷ್ಯನೂ ಹೇಳಿದ್ಯಾ?”

“ಹೂಂ.”

“ಕೇಳೋರು ಗಂಡಸರಾ?”

“ಅಲ್ಲವ್ವ, ಹೆಂಗಸರು.”

“ಸದ್ಯ.” ಸೆರಗು ಎಳೆದುಕೊಂಡಳು. ನನ್ನ ಮುಖ ನೋಡದೆ ಮತ್ತೆ ಸುಲಿಯತೊಡಗಿದಳು. “ಶೇಂಗಾ ಎಸೆದಿದ್ದೂ ಹೇಳು ಅವರಿಗೆ.”

ಅವಳ ಬಗ್ಗೆ ಅಷ್ಟೆಲ್ಲ ಹೇಳುವಾಗ, ಅದು ಅವಳ ಮಾನದ ಮಾತೂ ಹೌದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಶೇಂಗಾ ನನಗೆ ನೆನಪಿಲ್ಲ. ನನ್ನನ್ನು ಸಮಾಧಾನ ಮಾಡಲು ಅವ್ವ ಆಗಲೇ ಕಟ್ಟಿದ ಕತೆ ಇರಬಹುದು ಎಂದು ವಾಪಸು ಬರುವ ಬಸ್ಸಿನಲ್ಲಿ ಅನುಮಾನಪಟ್ಟೆ. ಕಲ್ಲಿನ ಬಗ್ಗೆ ಮಾತ್ರ ಇಷ್ಟು ವರ್ಷ ಹೀಗೆ ಅನುಮಾನಪಟ್ಟಿರಲಿಲ್ಲ.

ಮುಂದಿನ ವಾರ ಫೋನಿನಲ್ಲಿ ವಿಶ್ಲೇಷಕಿ, ಅಮ್ಮ ಏನೆಂದರು ಎಂದು ಕೇಳಿಯೇ ಕೇಳಿದರು. ಕಲ್ಲನ್ನು ಬಿಟ್ಟುಕೊಟ್ಟರೆ ನನ್ನ ಬಗ್ಗೆ ಹೇಳಲು ಏನು ಉಳಿಯುತ್ತದೆ ಎಂದು ಭಯವಾಯಿತು.

“ಕೇಳಿದೆ. ಅಮ್ಮನಿಗೆ ಏನೂ ನೆನಪಿಲ್ಲವಂತೆ,” ಎಂದೆ.

“ನಿಮಗೆ ತುಂಬ ನೋವಾಗಿರಬೇಕು,” ಎಂದರು.

ಅಳು ಬಂತು. ನಾಚಿಕೆಯ ಅಳು. ಅವರು ಅದನ್ನು ಹಳೆಯ ನೋವೆಂದುಕೊಂಡರು. ನಾನು ತಿದ್ದಲಿಲ್ಲ.