ಹೆಬ್ಬೆಟ್ಟು ಕಪನೂರದಾಗ, ಹಮಾಲ ಕಮಲಾಪುರ ಸಂತ್ಯಾಗ

ದೋಸ್ತರ, ಇವತ್ತ ಒಬ್ಬ ಕಳ್ಳನ್ನ ಹಿಡಿದೆ. ಅವ ಕದೀತಿದ್ದದ್ದು ಟೈಮು.

ಕಪನೂರದಾಗ ನಾ ಸೂಪರ್‌ವೈಸರ್ ಇರೋ ದಾಲ್ ಮಿಲ್ಲಿನ ಹಮಾಲ ಮಲ್ಲಪ್ಪ. ಸಂತಿ ದಿನ ಮುಂಜಾನೆ ಹಾಜರಿ ಮಷಿನ್‌ಗೆ ಹೆಬ್ಬೆಟ್ಟು ಒತ್ತಿ ಮಾಯ ಆಗ್ತಿದ್ದ, ಸಂಜಿಗಿ ಬಂದು ಮತ್ತ ಒತ್ತಿ ಮನಿಗಿ ಹೋಗ್ತಿದ್ದ. ಅವನ ಪಾಲಿನ ಚೀಲ ಉಳಿದವರು ಹೊರ್ತಿದ್ರು. ಕೇಳಿದ್ರ, "ಗೋದಾಮಿನ್ಯಾಗೇ ಇದ್ನಲ್ರೀ ಮೇಡಂ" ಅಂತಿದ್ದ.

ಇವತ್ತ ಕಮಲಾಪುರ ಸಂತಿಗಿ ಹೋದೆ. ಮಲ್ಲಪ್ಪ ಕೆಂಪು ಬಾಳಿಹಣ್ಣಿನ ರಾಶಿ ಹಾಕ್ಕೊಂಡು ಕುಂತಿದ್ದ. ಅವನ ಬೆನ್ನ ಹಿಂದ ನಿಂತು ಫೋನ್ ಹಚ್ಚಿದೆ.

"ಎಲ್ಲಿದ್ದೀಯೋ ಮಲ್ಲಪ್ಪ?"

"ಚೀಲ ಹೊರ್ಲಾಕತ್ತೀನ್ರೀ ಮೇಡಂ. ಮಷಿನ್ ಸಪ್ಪಳಕ್ಕ ಏನೂ ಕೇಳವಲ್ದು."

"ಚೀಲ ಇಳಿಸಿ ಸ್ವಲ್ಪ ಹಿಂದ ತಿರುಗಿ ನೋಡು."

ತಿರುಗಿದ. ಫೋನ್ ಇನ್ನೂ ಕಿವ್ಯಾಗೇ ಇತ್ತು. ಆದ್ರೂ ಸೋಲಲಿಲ್ಲ.

"ನೀವೂ ಡ್ಯೂಟಿ ಟೈಮಿನ್ಯಾಗ ಸಂತಿಗಿ ಬಂದೀರಲ್ರೀ?"

"ನಾ ರಜಾ ಹಾಕಿ ಬಂದೀನಪ್ಪ."

ಸುದ್ದಿ ಕೇಳಿ ಮಿಲ್ಲಿನ ಸಾವಕಾರ್ರು ಹುಕುಂ ಮಾಡ್ಯಾರ: ನಾಳಿಂದ ಮಲ್ಲಪ್ಪ ಮಧ್ಯಾಹ್ನನೂ ಹೆಬ್ಬೆಟ್ಟು ಒತ್ತಬೇಕು. ಅವನ ಹತ್ರನೇ ಹಣ್ಣು ಕೊಂಡು ತಂದು, ಇಷ್ಟು ದಿನ ಅವನ ಚೀಲ ಹೊತ್ತವರಿಗೆ ಹಂಚಿದೆ. ಭಾಳ ಸಿಹಿ ಇದ್ದವು. ನಮ್ಮ ಮಲ್ಲಪ್ಪ ಹಣ್ಣಿನ್ಯಾಗ ಮಾತ್ರ ಮೋಸ ಮಾಡಂಗಿಲ್ಲ ನೋಡ್ರಿ.